ನೀಲಿ ಹೊಳಪಿನ ಬೆನ್ನು ಹತ್ತಿದ ರಾಬರ್ಟ್ ಬಾಯ್ಲ್

ಮಕ್ಕಳೇ, ಊಟ ಮಾಡುವಾಗ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡಿದ್ದೀರಾ? ಅರಿಶಿನದ ಆ ಹಳದಿ ಕಲೆಗೆ ಸಾಬೂನು ಹಚ್ಚಿದ ಕೂಡಲೇ ಅದು ಕೆಂಪಾಗುತ್ತದೆ. ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ! ಓಕುಳಿ ಮಾಡುವಾಗಲೂ ನೀವು ಇದನ್ನೇ ನೋಡಿರುತ್ತೀರಿ. ಅರಿಶಿನದ ನೀರಿಗೆ ಸ್ವಲ್ಪ ಸುಣ್ಣ ಕಲಸಿದರೆ ಸಾಕು, ಹಳದಿ ನೀರು ಕೆಂಪು ನೀರಾಗುತ್ತದೆ.

ಹೀಗೆ ಬಣ್ಣ ಬದಲಿಸಿ, ಒಂದು ವಸ್ತು ಆಮ್ಲವೋ ಪ್ರತ್ಯಾಮ್ಲವೋ ಎಂಬುದನ್ನು ತಿಳಿಸುವ ಪದಾರ್ಥಗಳಿಗೆ ಸೂಚಕಗಳು ಎನ್ನುತ್ತಾರೆ. ಶಾಲೆಯಲ್ಲಿ ನೀವು ಬಳಸುವ ಲಿಟ್ಮಸ್ ಕಾಗದವೂ ಒಂದು ಸೂಚಕವೇ. ಅಡುಗೆಮನೆಯಲ್ಲಿ, ಬಣ್ಣಗಾರರ ಅಂಗಡಿಯಲ್ಲಿ ಜನರು ಇಂಥ ಬದಲಾವಣೆಗಳನ್ನು ಬಹಳ ಹಿಂದಿನಿಂದಲೂ ನೋಡುತ್ತಲೇ ಇದ್ದರು. ಆದರೆ ಈ ಬಣ್ಣದಾಟವನ್ನು ಒಂದು ಪರೀಕ್ಷೆಯಾಗಿ ಕ್ರಮಬದ್ಧವಾಗಿ ಬಳಸಬಹುದು ಎಂದು ತೋರಿಸಿಕೊಟ್ಟವನು ರಾಬರ್ಟ್ ಬಾಯ್ಲ್. ಅಷ್ಟೇ ಅಲ್ಲ, ಬಣ್ಣದ ಜೊತೆಗೆ ಹೊಳಪು ಕೂಡ ಆಮ್ಲದ ಸುದ್ದಿ ಹೇಳಬಲ್ಲದು ಎಂದು ಬರೆದಿಟ್ಟವನೂ ಅವನೇ. ಬನ್ನಿ, ಅವನ ಜೀವನದ ಕಥೆಯನ್ನು ತಿಳಿಯೋಣ.

ಕೋಟೆಯ ಮನೆಯ ಹುಡುಗ

ರಾಬರ್ಟ್ ಬಾಯ್ಲ್ ಹುಟ್ಟಿದ್ದು 1627ರ ಜನವರಿ 25ರಂದು, ಐರ್ಲೆಂಡಿನ ಲಿಸ್ಮೋರ್ ಎಂಬ ಊರಿನ ಕೋಟೆಯಲ್ಲಿ. ತಂದೆ ರಿಚರ್ಡ್ ಬಾಯ್ಲ್. ಕೈಯಲ್ಲಿ ಹೆಚ್ಚು ಹಣವಿಲ್ಲದೆ ಇಂಗ್ಲೆಂಡಿನಿಂದ ಐರ್ಲೆಂಡಿಗೆ ಬಂದು, ಜಮೀನಿನ ಮೇಲೆ ಜಮೀನು ಸೇರಿಸಿ, ಆ ನಾಡಿನ ದೊಡ್ಡ ಸಿರಿವಂತನಾದ ಮನುಷ್ಯ. ಅವನಿಗೆ ಒಟ್ಟು ಹದಿನೈದು ಮಕ್ಕಳು. ರಾಬರ್ಟ್ ಹದಿನಾಲ್ಕನೆಯವನು.

ಅಷ್ಟು ದೊಡ್ಡ ಮನೆಯಲ್ಲಿ ಹುಟ್ಟಿದರೂ ರಾಬರ್ಟ್‌ನ ಎಳೆಯ ದಿನಗಳು ಕೋಟೆಯಲ್ಲಿ ಕಳೆಯಲಿಲ್ಲ. ಮಗುವಾಗಿದ್ದಾಗಲೇ ಅವನನ್ನು ಹಳ್ಳಿಯ ದಾದಿಯೊಬ್ಬಳ ಮನೆಯಲ್ಲಿ ಬೆಳೆಯಲು ಬಿಟ್ಟರು. ಅವನಿಗೆ ಮೂರು ವರ್ಷವಾದಾಗ ತಾಯಿ ತೀರಿಕೊಂಡಳು. ತಾಯಿಯ ನೆನಪೇ ಅವನಿಗೆ ಸರಿಯಾಗಿ ಇರಲಿಲ್ಲ. ಜೊತೆಗೆ ಮಾತಿನಲ್ಲಿ ಉಗ್ಗು ಬೇರೆ! ಉಗ್ಗುತ್ತಿದ್ದ ಬೇರೆ ಮಕ್ಕಳನ್ನು ಅಣಕಿಸಲು ಹೋಗಿ ಆ ಉಗ್ಗು ತನಗೂ ಅಂಟಿಕೊಂಡಿತು ಎಂದೇ ಅವನು ನಂಬಿದ್ದ. ಅದು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಎಂಟನೆಯ ವಯಸ್ಸಿಗೆ ಅಣ್ಣ ಫ್ರಾನ್ಸಿಸ್‌ನ ಜೊತೆ ರಾಬರ್ಟ್‌ನನ್ನು ಇಂಗ್ಲೆಂಡಿನ ಈಟನ್ ಶಾಲೆಗೆ ಸೇರಿಸಿದರು. ಅಲ್ಲಿ ಅವನಿಗೆ ಓದಿನ ರುಚಿ ಹತ್ತಿತು. ಆಟದ ಹೊತ್ತಿನಲ್ಲೂ ಪುಸ್ತಕ ಹಿಡಿದು ಕೂರುವ ಹುಡುಗನಾದ.

ಗೆಲಿಲಿಯೋ ಇದ್ದ ಊರಿನಲ್ಲಿ

1639ರಲ್ಲಿ, ಹನ್ನೆರಡು ವರ್ಷದ ರಾಬರ್ಟ್ ಅಣ್ಣನ ಜೊತೆ ಯೂರೋಪು ಪ್ರವಾಸಕ್ಕೆ ಹೊರಟ. ಪಾಠ ಹೇಳಲು ಮಾರ್ಕೋಂಬ್ ಎಂಬ ಗುರು ಜೊತೆಗಿದ್ದ. ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಇಟಲಿ ಹೀಗೆ ಊರೂರು ಸುತ್ತಿದರು. ಜಿನೀವಾ ನಗರದಲ್ಲಿ ನೆಲೆಸಿ ಗಣಿತ, ಭಾಷೆಗಳನ್ನು ಕಲಿತರು. 1642ರ ಜನವರಿಯಲ್ಲಿ ರಾಬರ್ಟ್ ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದಾಗಲೇ, ಅದೇ ನಗರದ ಹೊರವಲಯದಲ್ಲಿ ಮುದುಕನಾಗಿದ್ದ ಗೆಲಿಲಿಯೋ ತೀರಿಕೊಂಡ. ಕಣ್ಣಾರೆ ನೋಡಿ, ಅಳೆದು, ಲೆಕ್ಕ ಹಾಕಿ ಸತ್ಯ ತಿಳಿಯಬೇಕು ಎಂದು ತೋರಿಸಿದ ಗೆಲಿಲಿಯೋನ ಪುಸ್ತಕಗಳನ್ನು ಹುಡುಗ ಅಲ್ಲಿ ಓದಿದ.

ಅಷ್ಟರಲ್ಲಿ ಊರಿನಿಂದ ಕೆಟ್ಟ ಸುದ್ದಿ ಬಂತು. ಐರ್ಲೆಂಡಿನಲ್ಲಿ ದಂಗೆ ಎದ್ದಿತ್ತು. ತಂದೆಯಿಂದ ಹಣ ಬರುವುದು ನಿಂತಿತು. ಅಣ್ಣ ಹೋರಾಡಲು ಊರಿಗೆ ಮರಳಿದ. ಸಿರಿವಂತನ ಮಗ ರಾಬರ್ಟ್ ಎರಡು ವರ್ಷ ಜಿನೀವಾದಲ್ಲಿ ಗುರುವಿನ ಆಸರೆಯಲ್ಲೇ ಉಳಿಯಬೇಕಾಯಿತು. ಕೊನೆಗೆ ಗುರು ಹೊಂದಿಸಿಕೊಟ್ಟ ಕೆಲವು ಒಡವೆಗಳನ್ನು ದಾರಿಯಲ್ಲಿ ಮಾರಿ, ಆ ಹಣದಿಂದ 1644ರಲ್ಲಿ ಇಂಗ್ಲೆಂಡು ಸೇರಿದ. ಅಷ್ಟು ಹೊತ್ತಿಗೆ ತಂದೆ ತೀರಿಕೊಂಡಿದ್ದ. ಹದಿನೇಳರ ಆ ತರುಣನಿಗೆ ಆಗ ಆಸರೆಯಾದವಳು ಲಂಡನ್ನಿನಲ್ಲಿದ್ದ ಅಕ್ಕ ಕ್ಯಾಥರೀನ್. ಅವಳು ಬಹಳ ಬುದ್ಧಿವಂತೆ. ಅವಳ ಮನೆಗೆ ವಿದ್ವಾಂಸರು ಬಂದು ಹೋಗುತ್ತಿದ್ದರು. ಈ ಅಕ್ಕನ ಹೆಸರನ್ನು ನೆನಪಿಟ್ಟುಕೊಳ್ಳಿ. ಅವಳು ಈ ಕಥೆಯಲ್ಲಿ ಮತ್ತೆ ಬರುತ್ತಾಳೆ.

ಚೂರಾಗಿ ಬಂದ ಕುಲುಮೆ

ತಂದೆ ರಾಬರ್ಟ್‌ಗೆ ಇಂಗ್ಲೆಂಡಿನ ಸ್ಟಾಲ್‌ಬ್ರಿಜ್ ಎಂಬ ಹಳ್ಳಿಯಲ್ಲಿ ಮನೆ, ಜಮೀನು ಬಿಟ್ಟು ಹೋಗಿದ್ದ. ಬಾಯ್ಲ್ ಅಲ್ಲಿ ನೆಲೆಸಿ ರಸಾಯನ ವಿಜ್ಞಾನದ ಪ್ರಯೋಗ ಮಾಡಬೇಕೆಂದು ಹೊರಟ. ಪ್ರಯೋಗಕ್ಕೆ ಕುಲುಮೆ ಬೇಕಲ್ಲವೇ? ದೂರದಿಂದ ಮಣ್ಣಿನ ಕುಲುಮೆಯೊಂದನ್ನು ತರಿಸಿದ. 1647ರಲ್ಲಿ ಅದು ಬಂದು ತಲುಪಿತು. ತೆರೆದು ನೋಡಿದರೆ ಚೂರುಚೂರು! ಗಾಜಿನ ಪಾತ್ರೆಗಳೂ ಸುಲಭವಾಗಿ ಸಿಗುತ್ತಿರಲಿಲ್ಲ. ಆದರೂ ಅವನು ಕೈ ಬಿಡಲಿಲ್ಲ. ಸುಮಾರು 1649ರ ಹೊತ್ತಿಗೆ ಅವನ ಪ್ರಯೋಗಶಾಲೆ ಕೆಲಸ ಆರಂಭಿಸಿತು.

ಆ ಕಾಲದಲ್ಲಿ ರಸಾಯನ ಪ್ರಯೋಗ ಮಾಡುತ್ತಿದ್ದವರಲ್ಲಿ ಅನೇಕರು ತಮ್ಮ ವಿಧಾನಗಳನ್ನು ಗುಟ್ಟಾಗಿ ಇಡುತ್ತಿದ್ದರು. ಬರೆದರೂ ಒಗಟಿನಂಥ ಮಾತಿನಲ್ಲಿ ಬರೆಯುತ್ತಿದ್ದರು. ಬಾಯ್ಲ್ ಕೂಡ ಕೆಲವು ಗುಟ್ಟುಗಳನ್ನು ಇಟ್ಟುಕೊಂಡಿದ್ದ. ಸೀಸದಂಥ ಲೋಹವನ್ನು ಚಿನ್ನ ಮಾಡಬಹುದೆಂಬ ನಂಬಿಕೆ ಅವನಿಗೂ ಇತ್ತು! ಆ ನಂಬಿಕೆ ತಪ್ಪೆಂದು ನಮಗೆ ಈಗ ಗೊತ್ತು. ಆದರೆ ತನ್ನ ಹೆಚ್ಚಿನ ಪ್ರಯೋಗಗಳನ್ನು ಅವನು ಎಲ್ಲರಿಗೂ ತಿಳಿಯುವಂತೆ ವಿವರವಾಗಿ ಬರೆದ. ಏನು ತೆಗೆದುಕೊಂಡೆ, ಎಷ್ಟು ಹೊತ್ತು ಇಟ್ಟೆ, ಏನು ಕಂಡೆ ಎಂದು ಹಂತ ಹಂತವಾಗಿ ತಿಳಿಸಿದ. ಕೈಕೊಟ್ಟ ಪ್ರಯೋಗಗಳನ್ನೂ ಮುಚ್ಚಿಡಲಿಲ್ಲ. ಓದಿದವರು ಅದನ್ನೇ ಮಾಡಿ ನೋಡಿ, ಸರಿಯೋ ತಪ್ಪೋ ಹೇಳಲಿ ಎಂಬುದು ಅವನ ಉದ್ದೇಶ.

ಕಣ್ಣು ಮಸುಕಾಯಿತು

1654ರಲ್ಲಿ ಬಾಯ್ಲ್ ಐರ್ಲೆಂಡಿನಲ್ಲಿದ್ದಾಗ ಕುದುರೆಯಿಂದ ಬಿದ್ದ. ಅದರ ಬೆನ್ನಿಗೇ ದೊಡ್ಡ ಕಾಯಿಲೆ ಬಂತು. ಬದುಕಿ ಉಳಿದನಾದರೂ ಕಣ್ಣುಗಳು ಬಹಳ ದುರ್ಬಲವಾದವು. ಆಗ ಅವನಿಗೆ ಇನ್ನೂ ಇಪ್ಪತ್ತೇಳು ವರ್ಷ. ಅಲ್ಲಿಂದಾಚೆಗೆ ಹೆಚ್ಚು ಹೊತ್ತು ಓದುವುದು, ಬರೆಯುವುದು ಅವನಿಂದ ಆಗುತ್ತಿರಲಿಲ್ಲ. ಪುಸ್ತಕಗಳನ್ನು ಬೇರೆಯವರು ಓದಿ ಹೇಳಬೇಕು. ತಾನು ಹೇಳಿದ್ದನ್ನು ಬೇರೆಯವರು ಬರೆದುಕೊಳ್ಳಬೇಕು. ಪ್ರಯೋಗಗಳಲ್ಲಿ ಕೂಡ ಸಹಾಯಕರ ಕೈ, ಸಹಾಯಕರ ಕಣ್ಣು ಬೇಕು. ಆ ಸಹಾಯಕರಲ್ಲಿ ಎಷ್ಟೋ ಜನರ ಹೆಸರು ಇಂದು ಯಾರಿಗೂ ಗೊತ್ತಿಲ್ಲ.

ಯೋಚಿಸಿ ನೋಡಿ. ಇಂಥ ಕಣ್ಣಿನ ಮನುಷ್ಯ ಮುಂದೆ ಬರೆದದ್ದು ಬಣ್ಣಗಳನ್ನು ಕುರಿತ ಪುಸ್ತಕ!

ಅದಕ್ಕೂ ಮೊದಲು ಅವನು ಗಾಳಿಯ ಮೇಲೆ ಪ್ರಯೋಗ ಮಾಡಿದ. ಆಕ್ಸ್‌ಫರ್ಡ್ ನಗರಕ್ಕೆ ಬಂದು ನೆಲೆಸಿದ ಮೇಲೆ ರಾಬರ್ಟ್ ಹುಕ್ ಎಂಬ ಜಾಣ ತರುಣ ಅವನ ಸಹಾಯಕನಾದ. ಸೂಕ್ಷ್ಮದರ್ಶಕದಲ್ಲಿ ಬೆಂಡಿನ ಚೂರನ್ನು ನೋಡಿ, ಅದರಲ್ಲಿ ಕಂಡ ಪುಟ್ಟ ಕೋಣೆಗಳಿಗೆ 1665ರಲ್ಲಿ ಕೋಶ ಎಂಬ ಹೆಸರು ಕೊಟ್ಟವನು ಇದೇ ಹುಕ್. ಅವನು 1659ರಲ್ಲಿ ಬಾಯ್ಲ್‌ಗಾಗಿ ಗಾಳಿಯನ್ನು ಹೊರಗೆಳೆಯುವ ಪಂಪನ್ನು ಮಾಡಿಕೊಟ್ಟ. ಗಾಜಿನ ಬುರುಡೆಯಿಂದ ಗಾಳಿ ತೆಗೆದಂತೆ ಒಳಗಿನ ಮೇಣದ ಬತ್ತಿ ಆರಿತು, ಒಳಗಿನ ಸದ್ದು ಕ್ಷೀಣಿಸಿತು. ಗಾಳಿಯನ್ನು ಒತ್ತಿದಷ್ಟೂ ಅದರ ಗಾತ್ರ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ ಎಂದು ಬಾಯ್ಲ್ 1662ರಲ್ಲಿ ತೋರಿಸಿದ. ಉಷ್ಣತೆ ಬದಲಾಗದಿದ್ದರೆ ಒತ್ತಡ ಎರಡರಷ್ಟಾದಾಗ ಗಾತ್ರ ಅರ್ಧವಾಗುತ್ತದೆ. ಪ್ರೌಢಶಾಲೆಗೆ ಹೋದಾಗ ನೀವು ಇದನ್ನು ಬಾಯ್ಲ್‌ನ ನಿಯಮ ಎಂದು ಓದುತ್ತೀರಿ.

1660ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಹನ್ನೆರಡು ಜನ ಸೇರಿ ವಿಜ್ಞಾನಕ್ಕಾಗಿ ಒಂದು ಸಂಘ ಕಟ್ಟಲು ನಿರ್ಧರಿಸಿದರು. ಅದೇ ಮುಂದೆ ಪ್ರಸಿದ್ಧವಾದ ರಾಯಲ್ ಸೊಸೈಟಿ. ಆ ಹನ್ನೆರಡು ಜನರಲ್ಲಿ ಬಾಯ್ಲ್ ಒಬ್ಬ.

ಹೂವಿನ ರಸದ ಸಾಕ್ಷಿ

1664ರಲ್ಲಿ ಬಾಯ್ಲ್‌ನ ಬಣ್ಣಗಳ ಪುಸ್ತಕ ಪ್ರಕಟವಾಯಿತು. ವಸ್ತುಗಳಿಗೆ ಬಣ್ಣ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬ ಬಗ್ಗೆ ಅದರಲ್ಲಿ ಹತ್ತಾರು ಪ್ರಯೋಗಗಳಿದ್ದವು.

ವಯೊಲೆಟ್ ಎಂಬ ಪುಟ್ಟ ನೇರಳೆ ಹೂವಿನಿಂದ ಮಾಡಿದ ಪಾಕ ಆಗ ಔಷಧದ ಅಂಗಡಿಗಳಲ್ಲಿ ಸಿಗುತ್ತಿತ್ತು. ಬಾಯ್ಲ್ ಅದರ ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿಸಿದ. ಅದಕ್ಕೆ ಹುಳಿ ದ್ರವ ತಾಗಿಸಿದಾಗ ಕೆಂಪಾಯಿತು. ಕ್ಷಾರದ ದ್ರವ ತಾಗಿಸಿದಾಗ ಹಸಿರಾಯಿತು. ನೀವು ದಾಸವಾಳದ ರಸದಿಂದ ಮಾಡುವ ಪ್ರಯೋಗದಂತೆಯೇ ಇದೆಯಲ್ಲವೇ?

ಬಾಯ್ಲ್ ಇಷ್ಟಕ್ಕೇ ನಿಲ್ಲಲಿಲ್ಲ. ಒಂದು ಹುಳಿ ದ್ರವ ಹೀಗೆ ಮಾಡಿದರೆ ಎಲ್ಲ ಹುಳಿ ದ್ರವಗಳೂ ಹೀಗೆ ಮಾಡುತ್ತವೆಯೇ? ಒಂದು ಹೂವು ಹೀಗೆ ಬದಲಾದರೆ ಬೇರೆ ಹೂವು, ಬೇರೆ ಮರದ ರಸ ಏನಾಗುತ್ತದೆ? ಹೀಗೆ ಒಂದೊಂದನ್ನೇ ಪರೀಕ್ಷಿಸಿದ. ಕೆಲವು ಲವಣಗಳು ಹೂವಿನ ಬಣ್ಣವನ್ನು ಕೆಂಪೂ ಮಾಡುವುದಿಲ್ಲ, ಹಸಿರೂ ಮಾಡುವುದಿಲ್ಲ ಎಂದು ಕಂಡುಕೊಂಡ. ಆಮ್ಲ, ಕ್ಷಾರ, ಎರಡೂ ಅಲ್ಲದ್ದು ಎಂದು ವಸ್ತುಗಳನ್ನು ಬಣ್ಣದ ಸಾಕ್ಷಿಯಿಂದ ಗುಂಪು ಮಾಡುವ ದಾರಿ ಹೀಗೆ ತೆರೆಯಿತು. ಅದಕ್ಕೆ ಮುಂಚೆ ಹುಳಿಯನ್ನು ಗುರುತಿಸಲು ನಾಲಿಗೆಯೇ ಗತಿಯಾಗಿದ್ದ ಸಂದರ್ಭಗಳು ಎಷ್ಟೋ! ಅಪರಿಚಿತ ದ್ರವದ ರುಚಿ ನೋಡುವುದು ಎಷ್ಟು ಅಪಾಯ ಎಂದು ನಿಮಗೆ ಗೊತ್ತೇ ಇದೆ.

ನೀರಿಗೆ ನೀಲಿ ಕೊಡುವ ಮರ

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ.

ಮೆಕ್ಸಿಕೋ ದೇಶದಲ್ಲಿ ಒಂದು ಪುಟ್ಟ ಮರವಿದೆ. ಅದರ ಕಟ್ಟಿಗೆಯ ಚಕ್ಕೆಯನ್ನು ನೀರಿನಲ್ಲಿ ನೆನೆಸಿದರೆ ನೀರಿಗೆ ನೀಲಿ ಹೊಳಪು ಬರುತ್ತದೆ. ಅಲ್ಲಿನ ಮೂಲ ಜನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೂತ್ರಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಅವರು ಆ ನೀರನ್ನು ಔಷಧವಾಗಿ ಬಳಸುತ್ತಿದ್ದರು. ಅವರಿಂದ ತಿಳಿದ ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಆ ಕಟ್ಟಿಗೆಯನ್ನು ಯೂರೋಪಿಗೆ ತಂದರು. ಮೂತ್ರಪಿಂಡದ ಮರ ಎಂಬ ಅರ್ಥದ ಹೆಸರು ಅದಕ್ಕೆ ಬಂತು. ಅದರಿಂದ ಮಾಡಿದ ಲೋಟಗಳು ರಾಜ ಮಹಾರಾಜರಿಗೆ ಕೊಡುವ ಕಾಣಿಕೆಗಳಾದವು.

ಮರದ ಲೋಟದಲ್ಲಿ ಸುಮ್ಮನೆ ನೀರು ಹಾಕಿದರೆ ನೀರು ನೀಲಿಯಾಗುವುದೆಂದರೆ ಜನಕ್ಕೆ ಮಂತ್ರದಂತೆ ಕಂಡಿರಬೇಕು. ಅಥನೇಸಿಯಸ್ ಕಿರ್ಚರ್ ಎಂಬ ವಿದ್ವಾಂಸ, ಆ ನೀರು ಇಟ್ಟ ಜಾಗ ಬದಲಾದಂತೆ ಹಲವಾರು ಬಣ್ಣ ತಾಳುತ್ತದೆ ಎಂದು 1646ರಲ್ಲಿ ಬರೆದಿದ್ದ.

ಬಾಯ್ಲ್ ಇದನ್ನು ಓದಿ ಹಾಗೆಯೇ ನಂಬಲಿಲ್ಲ. ತಾನೇ ಮಾಡಿ ನೋಡೋಣ ಎಂದುಕೊಂಡ. ಅವನ ಬಳಿ ಇದ್ದದ್ದು ಲೋಟವಲ್ಲ, ಬರೀ ಕಟ್ಟಿಗೆ. ಅದರ ತೆಳುವಾದ ಚಕ್ಕೆಗಳನ್ನು ಶುದ್ಧವಾದ ಒರತೆಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿದ. ಬೆಳಿಗ್ಗೆ ಆ ನೀರನ್ನು ಗಾಜಿನ ಬುಡ್ಡಿಗೆ ಸೋಸಿ, ಬುಡ್ಡಿಯನ್ನು ಕಿಟಕಿಗೂ ಕಣ್ಣಿಗೂ ನಡುವೆ ಹಿಡಿದ. ನೀರು ಹೊನ್ನಿನ ಬಣ್ಣದ್ದಾಗಿತ್ತು. ಆಮೇಲೆ ಕಿಟಕಿಗೆ ಬೆನ್ನು ಮಾಡಿ ನಿಂತು ಅದೇ ಬುಡ್ಡಿಯನ್ನು ನೋಡಿದ. ನೀರು ಅಂದವಾದ ನೀಲಿ! ನೀರೂ ಒಂದೇ, ಬುಡ್ಡಿಯೂ ಒಂದೇ. ನೋಡುವ ದಿಕ್ಕು ಬದಲಾದರೆ ಬಣ್ಣವೇ ಬೇರೆ.

ಹಲವಾರು ಬಣ್ಣಗಳ ಮಾತನ್ನು ಅವನ ಪ್ರಯೋಗ ಒಪ್ಪಲಿಲ್ಲ. ಅವನಿಗೆ ಮುಖ್ಯವಾಗಿ ಕಂಡದ್ದು ಎರಡೇ ಬಣ್ಣ. ಲೋಟವೇ ಬೇಕೆಂಬುದೂ ಇಲ್ಲ, ಚಕ್ಕೆ ಸಾಕು ಎಂದು ಬರೆದ. ಅದೇ ಚಕ್ಕೆಗಳನ್ನು ಮತ್ತೆ ಮತ್ತೆ ಹೊಸ ನೀರಿನಲ್ಲಿ ನೆನೆಸುತ್ತ ಹೋದಾಗ ಬಣ್ಣ ಕೊಡುವ ಗುಣ ಕ್ರಮೇಣ ಮುಗಿದುಹೋಯಿತು. ಹಾಗಾದರೆ ಕಟ್ಟಿಗೆಯಲ್ಲಿ ನೀರಿಗೆ ಕರಗಿ ಬರುವ ಯಾವುದೋ ಒಂದು ಪದಾರ್ಥವಿದೆ, ಈ ಆಟವೆಲ್ಲ ಅದರದ್ದೇ ಎಂದು ಊಹಿಸಿದ. ಅದು ಸರಿಯಾದ ಊಹೆ.

ಹೊಳಪು ಆರಿತು, ಹೊಳಪು ಮರಳಿತು

ಆಮೇಲೆ ಬಾಯ್ಲ್ ಮತ್ತೊಂದು ಹೆಜ್ಜೆ ಮುಂದಿಟ್ಟ. ಹೂವಿನ ರಸಕ್ಕೆ ಮಾಡಿದ ಪರೀಕ್ಷೆಯನ್ನೇ ಈ ನೀರಿಗೂ ಮಾಡಿದ. ಕೆಲವೇ ಹನಿ ಆಮ್ಲ ಹಾಕಿದ. ಹೊನ್ನಿನ ಬಣ್ಣ ಹಾಗೆಯೇ ಉಳಿಯಿತು. ಆದರೆ ನೀಲಿ ಹೊಳಪು ಮಾಯ! ಯಾವ ಕಡೆಯಿಂದ ನೋಡಿದರೂ ನೀಲಿ ಇಲ್ಲ. ಅದೇ ಬುಡ್ಡಿಗೆ ಕೆಲವು ಹನಿ ಕ್ಷಾರದ ದ್ರವ ಹಾಕಿದ. ಆರಿಹೋಗಿದ್ದ ನೀಲಿ ಮರಳಿ ಬಂತು!

ಇದು ಎಂಥ ದೊಡ್ಡ ವಿಷಯ ಎಂದು ಗಮನಿಸಿದಿರಾ? ವಯೊಲೆಟ್ ಪಾಕದಲ್ಲಿ ಬಣ್ಣ ಬದಲಾಗಿತ್ತು. ಇಲ್ಲಿ ಬದಲಾದದ್ದು ಹೊಳಪು. ಈ ನೀರಿನಿಂದಲೂ ಒಂದು ದ್ರವ ಆಮ್ಲವೋ ಅಲ್ಲವೋ ಎಂದು ಪರೀಕ್ಷಿಸಬಹುದು ಎಂದು ಬಾಯ್ಲ್ ಬರೆದ. ಗಿಡಮರದಲ್ಲಿ ಸಿಗುವ, ಹೊಳೆಯುವ ಬಣ್ಣವೊಂದನ್ನು ಆಮ್ಲದ ಸೂಚಕವಾಗಿ ಬಳಸುವ ವಿಚಾರ 1664ರಷ್ಟು ಹಿಂದೆಯೇ ಅಚ್ಚಾಯಿತು.

ಹೊಳಪು ಏಕೆ ಬಂತು, ಏಕೆ ಹೋಯಿತು? ಬಾಯ್ಲ್‌ಗೆ ಗೊತ್ತಾಗಲಿಲ್ಲ. ಅದನ್ನು ತಿಳಿಯಲು ಬೇಕಾದ ಜ್ಞಾನ ಆಗ ಯಾರಲ್ಲೂ ಇರಲಿಲ್ಲ. ಬಾಯ್ಲ್ ತಾನು ಕಂಡದ್ದನ್ನು ಕಂಡಂತೆ ಬರೆದು, ಮುಂದಿನವರಿಗೆ ಬಿಟ್ಟ. ಅವನ ಈ ಪುಸ್ತಕವನ್ನು ಓದಿ ಟಿಪ್ಪಣಿ ಮಾಡಿಕೊಂಡವರಲ್ಲಿ ಐಸಾಕ್ ನ್ಯೂಟನ್ ಎಂಬ ವಿದ್ಯಾರ್ಥಿಯೂ ಇದ್ದ!

ಅಕ್ಕ ಹೋದ ವಾರವೇ

1668ರಲ್ಲಿ ಬಾಯ್ಲ್ ಲಂಡನ್ನಿಗೆ ಬಂದು ಅಕ್ಕ ಕ್ಯಾಥರೀನ್‌ಳ ಮನೆಯಲ್ಲೇ ಉಳಿದ. ಅಲ್ಲಿಯೂ ಪ್ರಯೋಗಶಾಲೆ ಮಾಡಿಕೊಂಡ. 1670ರಲ್ಲಿ ಪಾರ್ಶ್ವವಾಯು ಹೊಡೆಯಿತು. ನಿಧಾನವಾಗಿ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ತೊಡಗಿದ. 1680ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಅವನನ್ನು ಹುಡುಕಿಕೊಂಡು ಬಂತು. ಅದಕ್ಕಾಗಿ ಪ್ರಮಾಣ ವಚನ ಸ್ವೀಕರಿಸಬೇಕಿತ್ತು. ಅದು ತನ್ನ ಮನಸ್ಸಾಕ್ಷಿಗೆ ಒಪ್ಪುವುದಿಲ್ಲವೆಂದು ಅವನು ಆ ಪದವಿಯನ್ನೇ ಬೇಡವೆಂದ.

ಬಾಯ್ಲ್ ಮದುವೆಯಾಗಲಿಲ್ಲ. ಅಕ್ಕನೇ ಅವನಿಗೆ ಮನೆಯ ಹಿರಿಯಳು, ಗೆಳತಿ, ವಿಚಾರ ಹಂಚಿಕೊಳ್ಳುವ ಜೊತೆಗಾತಿ ಎಲ್ಲವೂ ಆಗಿದ್ದಳು. 1691ರ ಡಿಸೆಂಬರ್ 23ರಂದು ಕ್ಯಾಥರೀನ್ ತೀರಿಕೊಂಡಳು. ಅಕ್ಕ ಹೋದ ಸುಮಾರು ಒಂದು ವಾರಕ್ಕೆ, ಆ ವರ್ಷ ಮುಗಿಯುವ ಹೊತ್ತಿಗೆ, ತಮ್ಮನೂ ಕಣ್ಣು ಮುಚ್ಚಿದ. ಅವನನ್ನು ಸಮಾಧಿ ಮಾಡಿದ ಚರ್ಚನ್ನು ಮುಂದೆ ಕೆಡವಿ ಹೊಸದಾಗಿ ಕಟ್ಟಿದರು. ಹಾಗಾಗಿ ಅವನ ಸಮಾಧಿ ಎಲ್ಲಿದೆ ಎಂದು ತೋರಿಸಲು ಗುರುತೂ ಉಳಿದಿಲ್ಲ. ಉಳಿದದ್ದು ಅವನ ಪುಸ್ತಕಗಳು, ಅವುಗಳಲ್ಲಿ ಅವನು ಬಿಟ್ಟು ಹೋದ ಪ್ರಶ್ನೆಗಳು.

ಉತ್ತರ ಬಂದದ್ದು ಯಾವಾಗ?

ನೀಲಿ ಹೊಳಪಿನ ಪ್ರಶ್ನೆಗೆ ಉತ್ತರ ಕಂತು ಕಂತಾಗಿ ಬಂತು.

ಮೊದಲ ಕಂತು 1852ರಲ್ಲಿ ಬಂತು. ಐರ್ಲೆಂಡಿನಲ್ಲೇ ಹುಟ್ಟಿದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ, ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಔಷಧದ ದ್ರಾವಣವನ್ನು ಪರೀಕ್ಷಿಸಿದ. ಕ್ವಿನೈನ್ ಕೂಡ ಸಿಂಕೋನ ಮರದ ತೊಗಟೆಯಿಂದ ಬರುವ ವಸ್ತು. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಕೆಲವು ಪದಾರ್ಥಗಳು ಆ ಕಿರಣಗಳನ್ನು ಹೀರಿಕೊಂಡು, ಕೂಡಲೇ ಕಣ್ಣಿಗೆ ಕಾಣುವ ಬೆಳಕನ್ನು ಹೊರಸೂಸುತ್ತವೆ. ಹೀಗೆಂದು ಸ್ಟೋಕ್ಸ್ ವಿವರಿಸಿದ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಬಾಯ್ಲ್ ಕಂಡ ನೀಲಿ ಹೊಳಪು ಇದೇ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಬಿಳಿ ಅಂಗಿ ಫಳಫಳ ಹೊಳೆಯುವುದೂ ಇದರಿಂದಲೇ.

ಎರಡನೆಯ ಕಂತು 1909ರದ್ದು. ಡೆನ್ಮಾರ್ಕಿನ ಸೋರೆನ್‌ಸನ್ ಎಂಬ ವಿಜ್ಞಾನಿ ಆಮ್ಲೀಯತೆಯನ್ನು ಅಂಕಿಯಲ್ಲಿ ಹೇಳುವ ಪಿಎಚ್ ಅಳತೆಯನ್ನು ತಂದ. ಶುದ್ಧ ನೀರು 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳು ಹೆಚ್ಚಾಗಿರುತ್ತವೆ. ಅವು ಬಣ್ಣದ ಅಣುವಿಗೆ ಹೋಗಿ ಅಂಟಿಕೊಂಡಾಗ ಅಣುವಿನ ರಚನೆ ಬದಲಾಗುತ್ತದೆ. ಆಗ ಅದು ಮೊದಲಿನಂತೆ ಹೊಳೆಯಲಾರದು. ಕ್ಷಾರ ಹಾಕಿದಾಗ ಆ ಅಯಾನುಗಳು ಬಿಟ್ಟುಹೋಗುತ್ತವೆ, ಹೊಳಪು ಮರಳುತ್ತದೆ.

ಮೂರನೆಯ ಕಂತಿಗೆ 2009ರವರೆಗೆ ಕಾಯಬೇಕಾಯಿತು! ಮೆಕ್ಸಿಕೋದ ಆ ಕಟ್ಟಿಗೆಯ ನೀರಿನಲ್ಲಿ ಹೊಳೆಯುವ ವಸ್ತು ಯಾವುದು ಎಂದು ಸ್ಪೇನ್ ದೇಶದ ವಿಜ್ಞಾನಿಗಳು ಆಗ ಖಚಿತವಾಗಿ ತಿಳಿಸಿದರು. ಅದಕ್ಕೆ ಮ್ಯಾಟ್ಲಲೀನ್ ಎಂದು ಹೆಸರಿಟ್ಟರು. ಮೆಕ್ಸಿಕೋದ ಮೂಲ ಜನರ ಭಾಷೆಯಲ್ಲಿ ನೀಲಿಗೆ ಇರುವ ಪದದಿಂದ ಈ ಹೆಸರು ಬಂದಿದೆ. ಸ್ವಾರಸ್ಯ ಏನು ಗೊತ್ತೆ? ಆ ವಸ್ತು ಕಟ್ಟಿಗೆಯಲ್ಲಿ ಸಿದ್ಧವಾಗಿ ಇರುವುದಿಲ್ಲ. ಕಟ್ಟಿಗೆಯಲ್ಲಿರುವ ಬೇರೊಂದು ವಸ್ತು ಸ್ವಲ್ಪ ಕ್ಷಾರ ಗುಣದ ನೀರಿನಲ್ಲಿ ಕರಗಿ, ಗಾಳಿಯ ಆಕ್ಸಿಜನ್ ಜೊತೆ ಸೇರಿ ಅದಾಗುತ್ತದೆ. ಬಾಯ್ಲ್ ಬರೆದ 345 ವರ್ಷಗಳ ನಂತರ ಸಿಕ್ಕ ಉತ್ತರ ಇದು.

ಜೀವಕೋಶದೊಳಗೆ ಇಣುಕುವ ಬಣ್ಣ

ಈಗ ನಿಮ್ಮ ದೇಹದ ಒಂದು ಜೀವಕೋಶವನ್ನು ಕಲ್ಪಿಸಿಕೊಳ್ಳಿ. ಅನೇಕ ಜೀವಕೋಶಗಳ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅದರೊಳಗಿನ ದ್ರವದ ಪಿಎಚ್ ಸುಮಾರು 7.2. ಅದೇ ಕೋಶದಲ್ಲಿ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಹಳೆಯ, ಕೆಟ್ಟುಹೋದ ಭಾಗಗಳನ್ನು ಅರಗಿಸುವುದು ಅವುಗಳ ಕೆಲಸ. ಅವುಗಳ ಒಳಗೆ ಪಿಎಚ್ ಸುಮಾರು 4.5ರಿಂದ 5. ಅಂದರೆ ಹುಳಿ ಕೋಣೆಗಳು! ಕೆಲವು ರೋಗಗಳಲ್ಲಿ ಈ ಹುಳಿಯ ಪ್ರಮಾಣ ಏರುಪೇರಾಗುತ್ತದೆ. ಆದ್ದರಿಂದ ವೈದ್ಯವಿಜ್ಞಾನಿಗಳು ಅದನ್ನು ಅಳೆಯಲೇಬೇಕು. ಹೇಗೆ? ಲಿಟ್ಮಸ್ ಕಾಗದ ಅಲ್ಲಿಗೆ ಹೋಗಲಾರದು.

ಅಲ್ಲಿಗೆ ಹೋಗಬಲ್ಲದ್ದು ಹೊಳೆಯುವ ಬಣ್ಣದ ಅಣು. ಕ್ಯಾರೆಟ್, ಕೊತ್ತಂಬರಿಗಳ ಕುಟುಂಬದ ಗಿಡಗಳಲ್ಲಿ ಅಂಬೆಲಿಫೆರೋನ್ ಎಂಬ ವಸ್ತುವಿದೆ. ನೇರಳಾತೀತ ಬೆಳಕಿನಲ್ಲಿ ಅದು ನೀಲಿಯಾಗಿ ಹೊಳೆಯುತ್ತದೆ. ಆಮ್ಲ ಹೆಚ್ಚಾದರೆ ಅದರ ಹೊಳಪು ಕುಗ್ಗುತ್ತದೆ. ಬಾಯ್ಲ್ ಕಂಡದ್ದೂ ಇಂಥದೇ ಆಟವನ್ನು ಅಲ್ಲವೇ? ಇದರ ಬಂಧುಗಳಾದ ಬಣ್ಣಗಳನ್ನು ವಿಜ್ಞಾನಿಗಳು ಜೀವಕೋಶದ ಆಮ್ಲೀಯತೆ ಅಳೆಯಲು ಬಳಸಿದ್ದಾರೆ. ಪ್ರಯೋಗಶಾಲೆಯಲ್ಲಿ ತಯಾರಿಸಿದ ಬಣ್ಣಗಳೂ ಇವೆ. 1982ರಲ್ಲಿ ರೋಜರ್ ಟ್ಸಿಯೆನ್ ಮತ್ತು ಸಂಗಡಿಗರು ಇಂಥ ಒಂದು ಬಣ್ಣವನ್ನು ಪರಿಚಯಿಸಿದರು. ಕೋಶದ ಪೊರೆ ದಾಟುವಂತೆ ಅದಕ್ಕೆ ಒಂದು ರಾಸಾಯನಿಕ ಹೊದಿಕೆ ಹಾಕಿರುತ್ತಾರೆ. ಒಳಗೆ ಹೋದ ಮೇಲೆ ಕೋಶದ ಕಿಣ್ವಗಳೇ ಆ ಹೊದಿಕೆಯನ್ನು ಕಳಚುತ್ತವೆ. ಬಣ್ಣ ಒಳಗೇ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ಮೇಲೆ ಎರಡು ಬೇರೆ ಬೇರೆ ಬಣ್ಣದ ಬೆಳಕನ್ನು ಒಂದಾದ ಮೇಲೊಂದು ಬಿಟ್ಟು, ಎರಡು ಸಲದ ಹೊಳಪನ್ನೂ ಹೋಲಿಸಿ ಪಿಎಚ್ ಲೆಕ್ಕ ಹಾಕುತ್ತಾರೆ.

ಎರಡು ಸಲ ಏಕೆ? ಒಂದೇ ಸಲ ನೋಡಿದರೆ ಹೊಳಪು ಕಡಿಮೆಯಾದದ್ದು ಆಮ್ಲದಿಂದಲೋ, ಬಣ್ಣವೇ ಕಡಿಮೆ ಇರುವುದರಿಂದಲೋ ತಿಳಿಯುವುದಿಲ್ಲ. ಎರಡನ್ನು ಹೋಲಿಸಿದರೆ ಆ ಅನುಮಾನ ಹೋಗುತ್ತದೆ.

ನೀವೂ ಮಾಡಿ ನೋಡಿ

1. ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ, ನೆರಳಿನಲ್ಲಿ ಒಣಗಿಸಿ. ಪಟ್ಟಿಗಳಾಗಿ ಕತ್ತರಿಸಿ. ಸಾಬೂನು ನೀರು, ನಿಂಬೆರಸ, ಉಪ್ಪು ನೀರು, ಮಜ್ಜಿಗೆ, ಅಡುಗೆ ಸೋಡದ ನೀರು ಇವುಗಳ ಒಂದೊಂದು ಹನಿ ಹಾಕಿ. ಕಂಡ ಬಣ್ಣವನ್ನು ಪಟ್ಟಿ ಮಾಡಿ. ಕೆಂಪಾದ ಜಾಗಕ್ಕೆ ನಿಂಬೆರಸ ಹಾಕಿದರೆ ಏನಾಗುತ್ತದೆ?

2. ತೊಗಟೆ ಗೀರಿದರೆ ಕೆಂಪು ಅಂಟು ಒಸರುವ ಹೊನ್ನೆ ಮರ ನಮ್ಮ ಮಲೆನಾಡಿನಲ್ಲಿದೆ. ಹಿಂದೆ ನೀಲಿ ನೀರಿನ ಲೋಟಗಳನ್ನು ಮಾಡಲು ಬಳಸುತ್ತಿದ್ದ ಫಿಲಿಪ್ಪೀನ್ಸ್ ದೇಶದ ನಾರ್ರಾ ಮರವೂ ಇದರ ಹತ್ತಿರದ ಬಂಧು. ಬಡಗಿಯ ಬಳಿ ಹೊನ್ನೆಯ ಚಕ್ಕೆ ಸಿಕ್ಕರೆ ರಾತ್ರಿ ನೀರಿನಲ್ಲಿ ನೆನೆಸಿಡಿ. ಇದಕ್ಕಾಗಿ ಮರ ಕಡಿಯುವುದು ಬೇಡ. ನೀರನ್ನು ಗಾಜಿನ ಲೋಟಕ್ಕೆ ಸೋಸಿ, ಹಿಂದೆ ಕಪ್ಪು ಬಟ್ಟೆ ಇಟ್ಟು ಬಿಸಿಲಿನಲ್ಲಿ ನೋಡಿ. ಅಂಚಿನಲ್ಲಿ ನೀಲಿ ಛಾಯೆ ಇದೆಯೇ? ಚಿಟಿಕೆ ಅಡುಗೆ ಸೋಡ ಹಾಕಿ ನೋಡಿ. ಆಮೇಲೆ ನಿಂಬೆರಸ ಹಾಕಿ ನೋಡಿ. ಈ ನೀರನ್ನು ಕುಡಿಯಬೇಡಿ.

ಎರಡೂ ಪ್ರಯೋಗಗಳಲ್ಲಿ ಏನು ತೆಗೆದುಕೊಂಡಿರಿ, ಎಷ್ಟು ಹೊತ್ತು ಇಟ್ಟಿರಿ, ಏನು ಕಂಡಿರಿ ಎಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಪುಸ್ತಕದಲ್ಲಿ ಹೇಳಿದಂತೆ ಆಗದಿದ್ದರೆ ಆಗಲಿಲ್ಲ ಎಂದೇ ಬರೆಯಿರಿ. ಏಕೆ ಎಂದು ಗೊತ್ತಾಗದಿದ್ದರೆ ಪ್ರಶ್ನೆಯನ್ನೂ ಬರೆಯಿರಿ. ಮಸುಕು ಕಣ್ಣಿನ ರಾಬರ್ಟ್ ಬಾಯ್ಲ್ ಕೂಡ ಹೀಗೆಯೇ ಬರೆದಿಟ್ಟ. ಅವನ ನಂತರ ಬಂದವರು ಅದನ್ನು ಓದಿ, ಮತ್ತೆ ಪ್ರಯೋಗ ಮಾಡಿ, ಉತ್ತರ ಹುಡುಕಿದರು. ನಿಮ್ಮ ಪ್ರಶ್ನೆಗೂ ನಾಳೆ ಯಾರಾದರೂ ಉತ್ತರ ಹುಡುಕಬಹುದು. ಆ ಯಾರೋ ಒಬ್ಬರು ನೀವೇ ಏಕಾಗಬಾರದು?